ಕೇದರದ ಕಪ್ಪು ಚುಕ್ಕೆ

ಚಾಮರಾಜಪೇಟೆಯ ಮೀನಂಗಡಿಗೆ ಇವತ್ತು ಕೇದರ ಬಂದಿತ್ತು. ಬೆಂಗಳೂರಲ್ಲಿ ಟ್ಯೂನಾ ಅಂತಾರೆ, ನಮ್ಮ ಕರಾವಳಿಯವರ ಬಾಯಲ್ಲಿ ಕೇದರ. ಬೆನ್ನ ಮೇಲೆ ಅಲೆಯಂಥ ಗೆರೆಗಳು, ಎದೆಯ ರೆಕ್ಕೆಯ ಕೆಳಗೆ ಮಸಿ ಬೆರಳು ಒತ್ತಿದ ಹಾಗೆ ಮೂರ್ನಾಲ್ಕು ಚುಕ್ಕೆ. ಅಮೆರಿಕದ ಕಡೆ ಜನ ಬೋಟು ಬಾಡಿಗೆಗೆ ಹಿಡಿದು ಗಾಳ ಹಾಕಲು ಹೋಗುವ ಆಲ್ಬಕೋರ್ ಇದರ ನೆಂಟ. ಅದರ ಎದೆಯ ರೆಕ್ಕೆ ಕತ್ತಿಯಷ್ಟು ಉದ್ದ, ವಾಸ ನಡುಗಡಲಲ್ಲಿ. ಕೇದರ ದಡಕ್ಕೆ ಹತ್ತಿರ ಗುಂಪುಗುಂಪಾಗಿ ಬರುತ್ತೆ.

ಈ ಜಾತಿಯ ಮೀನುಗಳು ಈಜುವುದನ್ನು ನಿಲ್ಲಿಸುವುದೇ ಇಲ್ಲ. ಅದಕ್ಕೇ ಮೈ ಸುತ್ತಲಿನ ನೀರಿಗಿಂತ ಬೆಚ್ಚಗೆ, ಮಾಂಸ ಗಾಢ ಕೆಂಪು. ಹಿಡಿದ ಮೇಲೆ ಐಸು ಹಾಕುವುದು ತಡವಾದರೆ ಹಿಸ್ಟಮಿನ್ ಸೇರಿಕೊಳ್ಳುತ್ತೆ, ಆಮೇಲೆ ಎಷ್ಟು ಬೇಯಿಸಿದರೂ ಹೋಗಲ್ಲ. ತಿಂದವರ ಮುಖ ಕೆಂಪಾಗಿ ಮೈಯೆಲ್ಲ ತುರಿಕೆ. ಕಡಲಿಂದ ಇಷ್ಟು ದೂರದ ನಮ್ಮ ತಟ್ಟೆಗೆ ಇದು ಚೆನ್ನಾಗಿ ಬಂತು ಅಂದರೆ, ಬೋಟಿನಲ್ಲಿ ಯಾರೋ ನಿದ್ದೆಗೆಟ್ಟು ಐಸು ತುಂಬಿದ್ದಾರೆ. ಅವರನ್ನು ನೆನೆಯದೆ ಚೌಕಾಸಿ ಮಾಡಲು ನನಗೆ ಮನಸ್ಸಾಗಲ್ಲ.

"ನೋಡಕ್ಕ," ಅಂತ ಅಂಗಡಿಯ ಹುಡುಗ ಕಿವಿರು ಎತ್ತಿ ತೋರಿಸಿದ. ಇನ್ನೂ ಕೆಂಪಗಿತ್ತು.