ಹೃಷೀಕೇಶದ ಕುಟಿಗಳು

ಇಕ್ಕಟ್ಟಾದ ಕಣಿವೆಗಳಲ್ಲಿ ಬಂಡೆಗಳನ್ನು ಬಡಿಯುತ್ತ, ಮೊರೆಯುತ್ತ ಇಳಿದುಬಂದ ಗಂಗೆ ಬೆಟ್ಟಗಳ ಹಿಡಿತದಿಂದ ಬಿಡಿಸಿಕೊಂಡು ಬಯಲಿನ ಮುಖವನ್ನು ಕಾಣುವುದು ಹೃಷೀಕೇಶದಲ್ಲಿ. ಹರಿದ್ವಾರದಿಂದ ಇಲ್ಲಿಗೆ ಸುಮಾರು 25 ಕಿಲೋಮೀಟರು. ಊರು ಒಂದೇ ಎಂದು ಯಾತ್ರಿಕರು ಭಾವಿಸಿದರೂ ಉತ್ತರಾಖಂಡದ ಮೂರು ಜಿಲ್ಲೆಗಳು ಇಲ್ಲಿ ಕೂಡುತ್ತವೆ. ಪೇಟೆಬೀದಿ, ತ್ರಿವೇಣಿ ಘಟ್ಟ ಇವು ಡೆಹರಾಡೂನಿಗೆ ಸೇರಿದವು. ಚಂದ್ರಭಾಗೆ ಎಂಬ ತೊರೆಯನ್ನು ದಾಟಿದೊಡನೆ ಬರುವ ಮುನಿ ಕಿ ರೇತಿ, ಎಂದರೆ ಮುನಿಗಳ ಮರಳುದಂಡೆ, ಟಿಹರಿ ಗಢವಾಲಕ್ಕೆ ಸೇರಿದುದು. ಆಚೆಯ ದಡದ ಸ್ವರ್ಗಾಶ್ರಮ ಪೌಡಿ ಗಢವಾಲದ ನೆಲ. ಹಿಂದೆ ಶಿವಾಲಿಕ ಬೆಟ್ಟಗಳ ಸಾಲವೃಕ್ಷದ ಕಾಡು. ಆ ಕಾಡಿನಲ್ಲಿ ಆನೆ, ಊರಿನ ಛಾವಣಿಗಳ ಮೇಲೆ ಕರಿಮೋರೆಯ ಮುಸುವಗಳು.

ಹೆಸರಿನ ವಿಷಯವಾಗಿ ಒಂದು ಮಾತು. ಹೃಷೀಕವೆಂದರೆ ಇಂದ್ರಿಯ, ಹೃಷೀಕೇಶನೆಂದರೆ ಇಂದ್ರಿಯಗಳ ಒಡೆಯ. ಊರಿನ ಭರತಮಂದಿರದಲ್ಲಿ ನೆಲಸಿರುವ ವಿಷ್ಣುವಿಗೆ ಇದೇ ನಾಮಧೇಯ. ಜನರ ನಾಲಗೆಯಲ್ಲಿ ಅದು ‘ರಿಷಿಕೇಶ’ವಾಗಿದೆ, ಋಷಿಗಳ ಕೇಶಕ್ಕೂ ಈ ಊರಿಗೂ ಸಂಬಂಧವಿಲ್ಲ. ಇಂದ್ರಿಯಗಳ ಒಡೆತನವನ್ನು ಹೆಸರಿನಲ್ಲಿಯೇ ಹೊತ್ತ ಈ ಊರಿಗೆ ಇಂದು ಹೊಸ ಬಗೆಯ ಯಾತ್ರಿಕರು ಬರತೊಡಗಿದ್ದಾರೆ. ಅವರು ಪುಣ್ಯಕ್ಕಾಗಿ ಬಂದವರಲ್ಲ, ಆರೋಗ್ಯಕ್ಕಾಗಿ ಬಂದವರು. ಕುರ್ಚಿಯಲ್ಲಿ ಕುಳಿತು ಕುಳಿತು ಸೊಂಟ ಹಿಡಿದವರು, ರಾತ್ರಿ ನಿದ್ದೆ ಬಾರದವರು, ರಕ್ತದ ಒತ್ತಡದವರು, ಯಾವ ರೋಗವೂ ಇಲ್ಲದೆ ಬರಿದೆ ದಣಿದವರು. ಅವರಿಗಾಗಿ ನದಿಯ ದಂಡೆಯಲ್ಲಿಯೂ ಬೆಟ್ಟದ ಮೈಮೇಲೂ ಆಯುರ್ವೇದ, ಯೋಗ, ಧ್ಯಾನ ಈ ಮೂರನ್ನೂ ಒಂದೇ ಸೂರಿನಡಿ ನೀಡುವ ಆರೋಗ್ಯಧಾಮಗಳು ಸಾಲುಗಟ್ಟಿವೆ.

ಊರನ್ನು ಬಿಟ್ಟ ಋಷಿಗಳು

ಇದನ್ನು ಈ ಕಾಲದ ಹೊಸ ಶೋಕಿಯೆಂದು ತಳ್ಳಿಹಾಕುವವರುಂಟು. ಆದರೆ ಆರೋಗ್ಯವನ್ನರಸಿ ಹಿಮಾಲಯಕ್ಕೆ ಬರುವ ವಾಡಿಕೆ ಚರಕಸಂಹಿತೆಯಷ್ಟು ಹಳೆಯದು. ಆ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಋಷಿಗಳು ಹಿಮವಂತನ ತಪ್ಪಲಿನಲ್ಲಿ ಸಭೆ ಸೇರುತ್ತಾರೆ. ತಪಸ್ಸಿಗೆ, ಅಧ್ಯಯನಕ್ಕೆ, ವ್ರತಕ್ಕೆ ರೋಗಗಳು ಅಡ್ಡಿಯಾಗಿವೆ. ಉಪಾಯವೇನು ಎಂಬುದು ಅವರ ಚಿಂತೆ. ಭರದ್ವಾಜ ಮುನಿ ಇಂದ್ರನಲ್ಲಿಗೆ ಹೋಗಿ ಆಯುರ್ವೇದವನ್ನು ಕಲಿತು ಬರುತ್ತಾನೆ.

ಮುಂದೆ ಚಿಕಿತ್ಸಾಸ್ಥಾನದಲ್ಲಿ ಬರುವ ಇನ್ನೊಂದು ಕಥೆ ಇದಕ್ಕಿಂತಲೂ ಸ್ವಾರಸ್ಯವಾದುದು. ಕೆಲವು ಋಷಿಗಳು ಊರುಗಳಲ್ಲಿ ನೆಲಸಿ, ಊರಿನ ಆಹಾರಕ್ಕೆ ಒಗ್ಗಿಕೊಂಡು, ಮೈ ಬೆಳೆದು, ಚಟುವಟಿಕೆ ಕುಗ್ಗಿ, ತಮ್ಮ ನಿತ್ಯಕರ್ಮಗಳನ್ನೂ ಮಾಡಲಾರದವರಾದರಂತೆ. ಇದು ಗ್ರಾಮವಾಸದ ದೋಷವೆಂದು ತಿಳಿದು ಅವರು ಮರಳಿ ಹಿಮಾಲಯಕ್ಕೆ ಬಂದರು. ನಗರವಾಸಿಯ ಇಂದಿನ ಗೋಳನ್ನು ಚರಕನ ಗ್ರಂಥ ಅಂದೇ ಬರೆದಿಟ್ಟಿದೆಯಲ್ಲ ಎಂದು ಓದುಗರಿಗೆ ಅನಿಸಿದರೆ ಆಶ್ಚರ್ಯವಿಲ್ಲ.

ಅದೇ ಪ್ರಕರಣದಲ್ಲಿ ಕುಟೀಪ್ರವೇಶವೆಂಬ ರಸಾಯನವಿಧಿಯ ವರ್ಣನೆಯಿದೆ. ಒಳ್ಳೆಯ ನೆಲದಲ್ಲಿ, ಪೂರ್ವಕ್ಕೋ ಉತ್ತರಕ್ಕೋ ಒಂದು ಕುಟಿಯನ್ನು ಕಟ್ಟಬೇಕು. ಒಂದರೊಳಗೊಂದು ಎಂಬಂತೆ ಮೂರು ಆವರಣ, ದಪ್ಪ ಗೋಡೆ, ಸಣ್ಣ ಗವಾಕ್ಷಿ. ಎಲ್ಲ ಋತುಗಳಲ್ಲಿಯೂ ಹಿತವಾಗಿರಬೇಕು, ಅಹಿತವಾದ ಸದ್ದು ಒಳಗೆ ಸುಳಿಯಬಾರದು. ವೈದ್ಯ, ಔಷಧ, ಉಪಚಾರಕ್ಕೆ ಬೇಕಾದ ಸಾಮಗ್ರಿ ಎಲ್ಲವೂ ಕೈಗೆಟುಕುವಂತಿರಬೇಕು. ದೇಹವನ್ನು ಶೋಧಿಸಿಕೊಂಡು, ಮನಸ್ಸಿನ ಕೊಳೆಯನ್ನೂ ಕಳೆದುಕೊಂಡು, ಶುಭದಿನದಲ್ಲಿ ಒಳಹೋಗಬೇಕು. ಆದರೆ ಇದು ಎಲ್ಲರಿಗೂ ಅಲ್ಲ; ಶಕ್ತಿ, ಸಂಯಮ, ಬಿಡುವು, ಪರಿಚಾರಕ್ಕೆ ತಕ್ಕ ಅನುಕೂಲ ಇರುವವರಿಗೆ ಮಾತ್ರ. ಉಳಿದವರಿಗೆ ಗಾಳಿ ಬಿಸಿಲುಗಳಲ್ಲಿ ನಿತ್ಯದ ಬಾಳನ್ನು ನಡೆಸುತ್ತಲೇ ಆಚರಿಸಬಹುದಾದ ಬೇರೊಂದು ವಿಧಿಯನ್ನು ಹೇಳಿದೆ. ಇಂದಿನ ಆರೋಗ್ಯಧಾಮದ ನಕ್ಷೆ ಮಾತ್ರವಲ್ಲ, ಅದು ಯಾರ ಕೈಗೆ ಎಟುಕೀತೆಂಬ ಲೆಕ್ಕವೂ ಅಲ್ಲಿಯೇ ಇದೆ.

ಆ ಅಧ್ಯಾಯದ ಹೆಸರು ಅಭಯಾಮಲಕೀಯ. ಅಭಯಾ ಎಂದರೆ ಅಳಲೆ, ಆಮಲಕವೆಂದರೆ ನೆಲ್ಲಿ. ಇವೆರಡೂ ಶಿವಾಲಿಕದ ಕಾಡಿನಲ್ಲಿ ತಾವಾಗಿ ಬೆಳೆಯುವ ಮರಗಳು.

ವಿಮೆಯ ಹಣದ ಔಷಧಾಲಯ

ಕಾಡು, ಔಷಧ, ಯೋಗ ಮೂರನ್ನೂ ಈ ಕಾಲದಲ್ಲಿ ಇಲ್ಲಿ ಒಂದುಗೂಡಿಸಿದವರಲ್ಲಿ ಪ್ರಮುಖರು ಸ್ವಾಮಿ ಶಿವಾನಂದರು. ತಿರುನೆಲ್ವೇಲಿ ಸೀಮೆಯ ಪತ್ತಮಡೈಯಲ್ಲಿ 1887ರಲ್ಲಿ ಜನಿಸಿದ ಕುಪ್ಪುಸ್ವಾಮಿ ಮಲಯದ ರಬ್ಬರ್ ತೋಟಗಳ ಸೀಮೆಯಲ್ಲಿ ವೈದ್ಯರಾಗಿ ದುಡಿದು, 1923ರಲ್ಲಿ ಎಲ್ಲವನ್ನೂ ತೊರೆದು ಮರಳಿದರು. 1924ರಲ್ಲಿ ಹೃಷೀಕೇಶದಲ್ಲಿ ಸಂನ್ಯಾಸ ಸ್ವೀಕರಿಸಿದರು. ಅದೇ ವರ್ಷದ ಪ್ರವಾಹದಲ್ಲಿ ಲಕ್ಷ್ಮಣಝೂಲಾದ ಹಳೆಯ ತೂಗುಸೇತುವೆ ಕೊಚ್ಚಿಹೋಯಿತು. ಬದರಿ-ಕೇದಾರಗಳಿಗೆ ಜನ ನಡೆದೇ ಹೋಗುತ್ತಿದ್ದ ಕಾಲ. ಕಾಲು ಒಡೆದವರು, ಜ್ವರ ಹಿಡಿದವರು, ಹೊಟ್ಟೆ ಕೆಟ್ಟವರು ದಾರಿಯುದ್ದಕ್ಕೂ ಇದ್ದರು. ಶಿವಾನಂದರು ಸರ್ವಸ್ವವನ್ನು ಬಿಟ್ಟರೂ ವೈದ್ಯವನ್ನು ಬಿಡಲಿಲ್ಲ. ಪೂರ್ವಾಶ್ರಮದ ವಿಮೆಯ ಹಣ ಕೈಗೆ ಬಂದಾಗ, 1927ರಲ್ಲಿ, ಅದರಿಂದ ಲಕ್ಷ್ಮಣಝೂಲಾದಲ್ಲಿ ಧರ್ಮಾರ್ಥ ಔಷಧಾಲಯವನ್ನು ತೆರೆದರು.

ಬಳಿಕ 1934ರಲ್ಲಿ ಅವರು ಮುನಿ ಕಿ ರೇತಿಯ ದಡಕ್ಕೆ ಬಂದು ಪಾಳುಬಿದ್ದ ಕೋಣೆಗಳಲ್ಲಿ ನೆಲಸಿದರು. ದಿವ್ಯಜೀವನ ಸಂಘದ ಬೀಜ ಮೊಳೆತುದು 1936ರಲ್ಲಿ. ಆಯುರ್ವೇದ ಔಷಧಶಾಲೆ 1945ರಲ್ಲಿಯೂ, ‘ಯೋಗ-ವೇದಾಂತ ಅರಣ್ಯ ವಿದ್ಯಾಪೀಠ’ 1948ರಲ್ಲಿಯೂ ಆರಂಭವಾದವು. ಹೆಸರಿನಲ್ಲಿಯೇ ಅರಣ್ಯವಿತ್ತು. ಇಲ್ಲಿಂದ ಹೊರಟ ಸ್ವಾಮಿ ವಿಷ್ಣುದೇವಾನಂದರು ಪಶ್ಚಿಮ ದೇಶಗಳಲ್ಲಿಯೂ, ಸ್ವಾಮಿ ಸತ್ಯಾನಂದರು ಬಿಹಾರದ ಮುಂಗೇರಿನಲ್ಲಿಯೂ ಯೋಗವನ್ನು ಹರಡಿದರು.

ಕನ್ನಡ ನಾಡಿನವರು ಈ ಆಶ್ರಮದ ಕಥೆಯನ್ನು ಅಭಿಮಾನದಿಂದ ನೆನೆಯಲು ಕಾರಣವಿದೆ. ಮಂಗಳೂರಿನಲ್ಲಿ 1916ರಲ್ಲಿ ಜನಿಸಿದ ಶ್ರೀಧರ ರಾವ್ 1943ರಲ್ಲಿ ಇಲ್ಲಿಗೆ ಬಂದಾಗ ಅವರ ಪಾಲಿಗೆ ಬಂದುದು ಔಷಧಾಲಯದ ಸೇವೆ. ಅವರು ಓದಿದುದು ವೈದ್ಯವನ್ನಲ್ಲ. ಆದರೂ ರೋಗಿಗಳು ಅವರನ್ನು ‘ಡಾಕ್ಟರ್ ರಾವ್‌ಜಿ’ ಎಂದು ಕರೆದರು. ಜನ ಹತ್ತಿರ ಸುಳಿಯಲೂ ಅಂಜುತ್ತಿದ್ದ ಕುಷ್ಠರೋಗಿಗಳ ಹುಣ್ಣುಗಳನ್ನು ಅವರು ತಮ್ಮ ಕೈಯಿಂದಲೇ ತೊಳೆದು ಕಟ್ಟಿದರು. ಸ್ವಾಮಿ ಚಿದಾನಂದರೆಂದು ಪ್ರಸಿದ್ಧರಾದ ಅವರು 1963ರಲ್ಲಿ ಶಿವಾನಂದರ ನಿರ್ಯಾಣದ ಬಳಿಕ ಸಂಘದ ಅಧ್ಯಕ್ಷರಾಗಿ, 2008ರಲ್ಲಿ ದೇಹ ಬಿಡುವವರೆಗೂ ಆ ಹೊಣೆಯನ್ನು ಹೊತ್ತರು. ಪುತ್ತೂರಿನಲ್ಲಿ 1922ರಲ್ಲಿ ಜನಿಸಿದ ಸುಬ್ಬರಾಯರು ಸ್ವಾಮಿ ಕೃಷ್ಣಾನಂದರಾಗಿ 1961ರಿಂದ 2001ರವರೆಗೆ ಪ್ರಧಾನ ಕಾರ್ಯದರ್ಶಿಯಾಗಿದ್ದರು. ದಕ್ಷಿಣ ಕನ್ನಡದ ಇಬ್ಬರು ಗಂಗಾತೀರದ ಒಂದು ಸಂಸ್ಥೆಯನ್ನು ನಾಲ್ಕು ದಶಕ ಮುನ್ನಡೆಸಿದ ಸಂಗತಿ ನಮ್ಮಲ್ಲಿ ಹಲವರಿಗೆ ತಿಳಿಯದು.

ಆಶ್ರಮದ ದಿನಚರಿ ಇಂದಿಗೂ ಸರಳ. ಮುಂಜಾವಿನ ಕತ್ತಲೆಯಲ್ಲಿ ಪ್ರಾರ್ಥನೆ, ಧ್ಯಾನ, ಬಳಿಕ ಆಸನಗಳ ಅಭ್ಯಾಸ, ನೆಲದ ಮೇಲೆ ಸಾಲಾಗಿ ಕುಳಿತು ಊಟ, ರಾತ್ರಿ ಸತ್ಸಂಗ. ಭಜನಮಂದಿರದಲ್ಲಿ 1943ರ ಡಿಸೆಂಬರ್ 3ರಂದು ತೊಡಗಿದ ಮಹಾಮಂತ್ರದ ಕೀರ್ತನೆ ಹಗಲಿರುಳು ನಡೆದೇ ಇದೆ. ತಂಗಬಯಸುವವರು ಮುಂಚಿತವಾಗಿ ಬರೆದು ಅನುಮತಿ ಪಡೆಯಬೇಕು.

ಎಂಬತ್ತನಾಲ್ಕು ಕುಟಿಗಳು

ಸೇತುವೆ ದಾಟಿ ಸ್ವರ್ಗಾಶ್ರಮದ ತುದಿಗೆ ನಡೆದರೆ, ಕಾಡಿನ ಅಂಚಿನ ದಿಬ್ಬದ ಮೇಲೆ ‘ಚೌರಾಸಿ ಕುಟಿಯಾ’ ಸಿಗುತ್ತದೆ. ಅರಣ್ಯ ಇಲಾಖೆಯ ಜಮೀನನ್ನು ಗುತ್ತಿಗೆಗೆ ಪಡೆದು ಮಹರ್ಷಿ ಮಹೇಶ ಯೋಗಿಗಳು 1960ರ ದಶಕದಲ್ಲಿ ಕಟ್ಟಿಸಿದ ಆಶ್ರಮವಿದು. ಧ್ಯಾನಕ್ಕೆಂದು ನದಿಯ ದುಂಡುಗಲ್ಲುಗಳಿಂದ ಕಟ್ಟಿದ ಗುಮ್ಮಟದಾಕಾರದ 84 ಕುಟಿಗಳಿಂದ ಈ ಹೆಸರು ಬಂತು. ಬೀಟಲ್ಸ್ ಎಂಬ ನಾಲ್ವರು ಇಂಗ್ಲಿಷ್ ಗಾಯಕರು 1968ರ ಫೆಬ್ರುವರಿಯಲ್ಲಿ ಇಲ್ಲಿಗೆ ಬಂದಾಗ ಜಗತ್ತಿನ ಪತ್ರಿಕೆಗಳೆಲ್ಲ ಹೃಷೀಕೇಶದ ಹೆಸರನ್ನು ಅಚ್ಚು ಹಾಕಿದವು. ಅವರಲ್ಲೊಬ್ಬನು ಊಟ ಒಗ್ಗದೆ ಸುಮಾರು ಹತ್ತು ದಿನಗಳಲ್ಲಿಯೇ ಹೊರಟುಹೋದನು. ಉಳಿದವರು ಧ್ಯಾನದ ನಡುವೆ ಹತ್ತಾರು ಹಾಡುಗಳನ್ನು ಕಟ್ಟಿಕೊಂಡು ಹೋದರು.

ಮುಂದೆ ಆಶ್ರಮ ತೆರವಾಗಿ, ಕಾಡು ತನ್ನ ನೆಲವನ್ನು ತಾನೇ ತೆಗೆದುಕೊಂಡಿತು. ಅರಣ್ಯ ಇಲಾಖೆ 2015ರಲ್ಲಿ ಅದನ್ನು ಪ್ರವೇಶಶುಲ್ಕವಿಟ್ಟು ಜನರಿಗೆ ತೆರೆಯಿತು. ಛಾವಣಿ ಕುಸಿದ ಕೋಣೆ, ಗೋಡೆಗಳ ಮೇಲೆ ಬಂದುಹೋದವರು ಬರೆದ ಚಿತ್ರಗಳು, ಬಿರುಕುಗಳಲ್ಲಿ ಅರಳಿ ಸಸಿ. ಇಂದು ಅಲ್ಲಿ ಗುರುವಿಲ್ಲ, ಪಾಠವಿಲ್ಲ, ಆದರೂ ಊರಿನಲ್ಲಿ ಕಾಣದ ಮೌನ ಅಲ್ಲಿದೆ.

ಅರಮನೆಯ ಆರೋಗ್ಯ

ಪೇಟೆಯಿಂದ ಬೆಟ್ಟದ ರಸ್ತೆಯನ್ನು ಹಿಡಿದು ಮೇಲೇರಿದರೆ ನರೇಂದ್ರನಗರ. ಟಿಹರಿಯ ಅರಸರ ಈ ರಾಜಧಾನಿಯ ಅರಮನೆಯ ಆವರಣದಲ್ಲಿ 2000ದಲ್ಲಿ ‘ಆನಂದ’ ಎಂಬ ಆರೋಗ್ಯಧಾಮ ಆರಂಭವಾಯಿತು. ಕೆಳಗೆ ಗಂಗೆಯ ಬೆಳ್ಳಿಗೆರೆ, ಸುತ್ತ ಸಾಲದ ಮರಗಳು. ಬಂದವರನ್ನು ವೈದ್ಯರು ಪರೀಕ್ಷಿಸಿ, ಪ್ರಕೃತಿಗೆ ತಕ್ಕ ಆಹಾರ, ಆಸನ, ಧ್ಯಾನ, ಚಿಕಿತ್ಸೆಗಳನ್ನು ಗೊತ್ತುಮಾಡುತ್ತಾರೆ. ಅಭ್ಯಂಗ, ಸ್ವೇದನ, ಹಣೆಯ ಮೇಲೆ ಉಗುರುಬೆಚ್ಚನೆಯ ತೈಲ ಎಳೆಯಾಗಿ ಬೀಳುವ ಶಿರೋಧಾರೆ ಎಲ್ಲವೂ ಉಂಟು. ಅಲ್ಲಿನ ಒಂದು ರಾತ್ರಿಯ ವೆಚ್ಚ ಸಣ್ಣ ನೌಕರನ ತಿಂಗಳ ಸಂಬಳವನ್ನು ಮೀರುತ್ತದೆ. ಅದನ್ನು ಮಾದರಿಯಾಗಿಟ್ಟುಕೊಂಡ ಚಿಕ್ಕ ದೊಡ್ಡ ಧಾಮಗಳು ತಪೋವನದಿಂದ ಮೇಲಿನ ಕಣಿವೆಯವರೆಗೂ ಹಬ್ಬಿವೆ.

ಇವುಗಳಿಂದ ಫಲವಿಲ್ಲವೆ? ಖಂಡಿತ ಇದೆ. ಹೊತ್ತಿಗೆ ಸರಿಯಾದ ಮಿತ ಊಟ, ಬೆಳಗಿನ ವ್ಯಾಯಾಮ, ದೂರವಾಣಿಯ ಕರೆಯಿಲ್ಲದ ಹಗಲು, ಬೇಗ ಬರುವ ನಿದ್ದೆ ಇವು ಎಂಥವರನ್ನೂ ಚೇತರಿಸಿಯಾವು. ಹಳೆಯ ಬೆನ್ನುನೋವಿಗೂ ಮನಸ್ಸಿನ ಉದ್ವೇಗಕ್ಕೂ ಯೋಗಾಭ್ಯಾಸ ನೆರವಾಗುವುದೆಂದು ಆಧುನಿಕ ವೈದ್ಯರೂ ಒಪ್ಪುತ್ತಾರೆ. ಆದರೆ ಹೊರಡುವ ಮುನ್ನ ಕುಟುಂಬಸ್ಥರು ಕೆಲವು ಸಂಗತಿಗಳನ್ನು ಅರಿತಿರುವುದು ಲೇಸು.

ಎಣ್ಣೆ ತಿಕ್ಕಿಸಿಕೊಂಡುದೆಲ್ಲ ಪಂಚಕರ್ಮವಲ್ಲ. ಅಭ್ಯಂಗವೂ ಬೆವರಿಳಿಸುವ ಸ್ವೇದನವೂ ಪೂರ್ವಸಿದ್ಧತೆಗಳು. ವಮನ, ವಿರೇಚನ, ಬಸ್ತಿ ಮೊದಲಾದವು ನಿಜವಾದ ಶೋಧನಕರ್ಮಗಳು. ಅವುಗಳ ಬಳಿಕ ತೆಳುಗಂಜಿಯಿಂದ ತೊಡಗಿ ಹಂತಹಂತವಾಗಿ ಎಂದಿನ ಊಟಕ್ಕೆ ಬರುವ ಕ್ರಮವೂ ಚಿಕಿತ್ಸೆಯ ಭಾಗವೇ. ಮೂರು ದಿನಗಳಲ್ಲಿ ಪಂಚಕರ್ಮವನ್ನು ಮುಗಿಸಿಕೊಡುವೆವೆಂಬ ಫಲಕ ಕಂಡರೆ ಮುಂದಕ್ಕೆ ನಡೆಯುವುದೇ ಮೇಲು. ಚಿಕಿತ್ಸೆ ಮಾಡುವವರು ಆಯುರ್ವೇದ ಪದವಿ ಪಡೆದು ನೋಂದಾಯಿಸಿಕೊಂಡ ವೈದ್ಯರೇ ಎಂದು ವಿಚಾರಿಸಬೇಕು. ಸಕ್ಕರೆ ರೋಗ, ಹೃದ್ರೋಗಗಳಿಗೆ ನಿತ್ಯ ಔಷಧ ಸೇವಿಸುವವರು ಬೆಟ್ಟದ ಗಾಳಿಯನ್ನು ನಂಬಿ ಅದನ್ನು ನಿಲ್ಲಿಸಬಾರದು. ಹೆಸರು ಗೊತ್ತಿಲ್ಲದ ಭಸ್ಮ, ಗುಳಿಗೆಗಳನ್ನು ಬೀದಿಯಲ್ಲಿ ಕೊಳ್ಳಬಾರದು. ಸಂಸ್ಕಾರ ಸಾಲದ ಅಂಥ ಔಷಧಗಳಲ್ಲಿ ಸೀಸ, ಪಾದರಸಗಳು ಉಳಿದು ಮೈಗೆ ಕೇಡಾದ ಉದಾಹರಣೆಗಳುಂಟು.

ನದಿಯ ದಡದ ಸದ್ದು

ಇನ್ನು ಊರಿನ ಮಾತು. ಚರಕನು ಕುಟಿಗೆ ವಿಧಿಸಿದ ನಿಯಮಗಳಲ್ಲಿ ಇಂದು ಮೊದಲು ಮುರಿದಿರುವುದು ಸದ್ದಿನದು. ರಜೆಯ ದಿನಗಳಲ್ಲಿ ಬಯಲಿನ ನಗರಗಳಿಂದ ಏರಿಬರುವ ಕಾರುಗಳ ಸಾಲು ತಪೋವನದವರೆಗೂ ನಿಲ್ಲುತ್ತದೆ. ರಬ್ಬರ್ ದೋಣಿಗಳಲ್ಲಿ ಸುಳಿಗಳನ್ನು ಹಾಯುವವರ ಕೇಕೆ, ಉಪಾಹಾರಗೃಹಗಳ ಸಂಗೀತ, ಮೇಲಿಂದ ಮೇಲೆ ಏಳುವ ಕಟ್ಟಡಗಳ ಗದ್ದಲ. ಶ್ರಾವಣದಲ್ಲಿ ಕಾವಡಿ ಹೊತ್ತ ಶಿವಭಕ್ತರ ಮಹಾಪೂರ. ಪ್ರವಾಹದ ಬಳಿಕ ಮತ್ತೆ ಕಟ್ಟಿ 1930ರಲ್ಲಿ ತೆರೆದ ಲಕ್ಷ್ಮಣಝೂಲಾ ಸೇತುವೆ ಇನ್ನು ಭಾರ ತಾಳಲಾರದೆಂದು 2019ರಲ್ಲಿ ಅಧಿಕಾರಿಗಳು ಸಾರಿದರು. ಶಾಂತಿಯನ್ನು ಅರಸಿ ಎಲ್ಲರೂ ಒಂದೇ ಕಡೆಗೆ ಬಂದರೆ ಶಾಂತಿ ಎಲ್ಲಿ ನಿಂತೀತು? ಆರೋಗ್ಯಧಾಮಗಳು ತಮ್ಮ ಅತಿಥಿಗಳಿಗೆ ನೀಡಬೇಕಾದುದು ಈ ನದಿ ಮತ್ತು ಈ ಕಾಡು. ಅವೆರಡನ್ನೂ ತಿನ್ನುತ್ತಲೇ ಬೆಳೆಯುವ ವ್ಯಾಪಾರ ಎಷ್ಟು ಕಾಲ ನಡೆಯಬಲ್ಲುದೆಂದು ಊರಿನವರೇ ಯೋಚಿಸಬೇಕಾಗಿದೆ. ಮೌನವನ್ನು ಬಯಸುವವರು ಅಕ್ಟೋಬರಿನಿಂದ ಮಾರ್ಚಿಯೊಳಗೆ, ರಜೆಯ ದಿನಗಳನ್ನು ತಪ್ಪಿಸಿ, ಬರುವುದು ಒಳ್ಳೆಯದು.

ಬರಲಾಗದವರು ಕೊರಗಬೇಕಾಗಿಲ್ಲ. ಅಳಲೆ, ನೆಲ್ಲಿಗಳ ರಸಾಯನಗಳನ್ನು ವಿವರವಾಗಿ ಹೇಳಿದ ಚರಕನ ಗ್ರಂಥ ಕಡೆಯಲ್ಲಿ ಆಚಾರರಸಾಯನವೆಂಬ ಇನ್ನೊಂದನ್ನು ಹೇಳುತ್ತದೆ. ಸತ್ಯ ನುಡಿಯುವವನು, ಕೋಪ ಬಿಟ್ಟವನು, ಮದ್ಯವನ್ನು ಮುಟ್ಟದವನು, ಮೈಗೆ ಅತಿಯಾದ ಆಯಾಸ ಕೊಡದವನು, ನಿದ್ದೆ ಎಚ್ಚರಗಳು ಹದವಾಗಿರುವವನು, ಹಿರಿಯರನ್ನು ಗೌರವಿಸುವವನು, ದಯೆಯುಳ್ಳವನು ಔಷಧವಿಲ್ಲದೆಯೂ ರಸಾಯನದ ಫಲವನ್ನು ಪಡೆಯುತ್ತಾನೆ ಎಂಬುದು ಅದರ ಸಾರ. ಇದಕ್ಕೆ ಬಾಡಿಗೆಯ ಕುಟಿ ಬೇಕಿಲ್ಲ, ರೈಲಿನ ಟಿಕೇಟು ಬೇಕಿಲ್ಲ. ಹಾಗೆಂದು ಇದು ಸುಲಭವೂ ಅಲ್ಲ; ಶಿರೋಧಾರೆಗೆ ಹಣೆಯೊಡ್ಡಿ ಮಲಗುವುದಕ್ಕಿಂತ ಕೋಪವನ್ನು ಬಿಡುವುದು ಕಷ್ಟ. ಆರೋಗ್ಯಧಾಮದಿಂದ ಮರಳಿದವರಲ್ಲಿಯೂ ಹಗುರಾದ ಮೈಯನ್ನು ಉಳಿಸಿಕೊಳ್ಳುವವರು, ಅಲ್ಲಿಯ ಊಟದ ಹೊತ್ತನ್ನೂ ನಿದ್ದೆಯ ಹೊತ್ತನ್ನೂ ಮನೆಗೆ ತಂದವರು ಮಾತ್ರ.

ಹೃಷೀಕೇಶದ ಕಾಡಿನಲ್ಲಿ ಉದುರುವ ಅಳಲೆಕಾಯಿ ನಮ್ಮೂರ ಗ್ರಂಥಿಗೆ ಅಂಗಡಿಯಲ್ಲಿಯೂ ದೊರೆಯುತ್ತದೆ. ಕಾರ್ತಿಕದಲ್ಲಿ ತುಳಸಿಯೊಡನೆ ಇಡುವ ನೆಲ್ಲಿಯ ಕೊಂಬೆ ನಮ್ಮ ಅಂಗಳಕ್ಕೇ ಬರುತ್ತದೆ. ಮುಂಜಾನೆ ಒಂದು ಗಳಿಗೆ ಮನೆಯ ಜಗಲಿಯಲ್ಲಿ ಮೌನವಾಗಿ ಕುಳಿತುಕೊಳ್ಳುವ ಬಿಡುವನ್ನು ಮಾತ್ರ ಯಾವ ಅಂಗಡಿಯೂ ಮಾರುವುದಿಲ್ಲ. ಅದನ್ನು ಮನೆಯವರೇ ಪರಸ್ಪರ ಉಳಿಸಿಕೊಡಬೇಕು.