ಪಕ್ಕಡ, ಟೆಸ್ಟರು ಮತ್ತು ಲ್ಯಾಪ್‌ಟಾಪು

ವಿದ್ಯುತ್ ಕೆಲಸವೆಂದರೆ ಪಕ್ಕಡ, ಟೆಸ್ಟರು, ಏಣಿ ಇವಿಷ್ಟೇ ಎಂಬ ಭಾವನೆ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಗೋಕಾಕದಲ್ಲಿ ನೆಲೆಸಿ, ಮೂಡಲಗಿ ಹಾಗೂ ಹುಕ್ಕೇರಿ ಭಾಗದ ಹಳ್ಳಿಗಳವರೆಗೆ ಈ ಕಾಯಕವನ್ನು ಮಾಡಿಕೊಂಡು ಬಂದಿರುವ ನಮಗೆ, ಆ ಸಾಮಾನುಗಳ ಚೀಲದಲ್ಲಿ ಲ್ಯಾಪ್‌ಟಾಪೊಂದು ಸೇರಿಕೊಂಡು ಕೆಲವು ವರ್ಷಗಳಾದವು. ಡಿಪ್ಲೊಮಾ ಇಲ್ಲವೆ ಐ.ಟಿ.ಐ. ಮುಗಿಸಿ ಈ ವೃತ್ತಿಗೆ ಇಳಿಯುವ ಮಕ್ಕಳ ತಂದೆ-ತಾಯಿಗಳು ಮದುವೆ-ಮುಂಜಿಗಳಲ್ಲಿ ಭೇಟಿಯಾದಾಗಲೆಲ್ಲ, "ಯಾವುದು ಕೊಡಸೂಣ್ರಿ?" ಎಂದು ಕೇಳುತ್ತಾರೆ. ಅವರೆಲ್ಲರಿಗೂ ಒಂದೇ ಸಲಕ್ಕೆ ಉತ್ತರವಾಗಲೆಂದು ಈ ಬರಹ.

ನಮ್ಮ ಸೀಮೆಗೆ ಯಂತ್ರ-ವಿದ್ಯುತ್ತುಗಳ ನಂಟು ಹೊಸದಲ್ಲ. ಗೋಕಾಕ ಜಲಪಾತದ ನೀರಿನ ಬಲವನ್ನು ನಂಬಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಇಲ್ಲಿ ನೂಲಿನ ಗಿರಣಿ ತಲೆಯೆತ್ತಿತು. ಹುಕ್ಕೇರಿಯ ಕಥೆಯಂತೂ ಇನ್ನೂ ವಿಶೇಷ. ಹಳ್ಳಿಗಳಿಗೆ ವಿದ್ಯುತ್ತು ಮುಟ್ಟಿಸುವ ಹೊಣೆಯನ್ನು ಹಳ್ಳಿಗರ ಸಹಕಾರಿ ಸಂಘಗಳಿಗೇ ಒಪ್ಪಿಸಿ ನೋಡೋಣವೆಂದು 1969ರ ಸುಮಾರಿಗೆ ದೇಶದಲ್ಲಿ ಪ್ರಾಯೋಗಿಕವಾಗಿ ಆರಿಸಿಕೊಂಡ ಐದು ಸ್ಥಳಗಳಲ್ಲಿ ಹುಕ್ಕೇರಿಯೂ ಒಂದು. ಅಂದು ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಕರ್ನಾಟಕದಲ್ಲಿ ಇಂದಿಗೂ ತನ್ನ ಬಗೆಯ ಒಂದೇ ಸಂಸ್ಥೆ. ಆದ್ದರಿಂದ ಗೋಕಾಕ-ಮೂಡಲಗಿಗಳಲ್ಲಿ ಹೆಸ್ಕಾಂ ಕಚೇರಿಗೆ ಕಾಗದ ಕೊಡುವ ನಾವು, ಹುಕ್ಕೇರಿಯ ಗಡಿ ದಾಟಿದೊಡನೆ ಸಂಘದ ಕಚೇರಿಯ ಮೆಟ್ಟಿಲೇರುತ್ತೇವೆ. ಎರಡೂ ಕಡೆಯ ನಕಾಶೆ, ಅಂದಾಜುಪಟ್ಟಿಗಳನ್ನು ಕೈಬರಹದಲ್ಲಿ ಮಾಡಿಕೊಂಡಿದ್ದ ಕಾಲ ಹೋಯಿತು.

ಆದರೆ ಲ್ಯಾಪ್‌ಟಾಪಿನ ಅಗತ್ಯ ನಮಗೆ ಮನವರಿಕೆಯಾದದ್ದು ಅಂದಾಜುಪಟ್ಟಿಯಿಂದಲ್ಲ, ನೀರಿನಿಂದ. ಮೊದಲಿನ ಸ್ಟಾರ್-ಡೆಲ್ಟಾ ಸ್ಟಾರ್ಟರು ಕೆಟ್ಟರೆ ಮುಚ್ಚಳ ತೆಗೆದು ನೋಡಿದೊಡನೆ ದೋಷ ಕಣ್ಣಿಗೆ ಬೀಳುತ್ತಿತ್ತು. ಸುಟ್ಟ ಸುರುಳಿ, ಸವೆದ ಕಾಂಟ್ಯಾಕ್ಟು ತಾವೇ ಮಾತಾಡುತ್ತಿದ್ದವು. ಈಗ ದೊಡ್ಡ ಮೋಟಾರುಗಳಿಗೆ ವೇಗ ನಿಯಂತ್ರಿಸುವ ಡ್ರೈವುಗಳು ಬಂದಿವೆ, ಕಾರಖಾನೆಗಳಲ್ಲಿ ಪಿ.ಎಲ್.ಸಿ.ಗಳು, ಮನೆಯ ಮಾಳಿಗೆಯ ಮೇಲೆ ಸೌರ ಇನ್ವರ್ಟರುಗಳು. ಇವುಗಳ ದೋಷ ಹೊರಗೆ ಕಾಣದು. ಕೆಲವು ವರ್ಷಗಳ ಹಿಂದೆ, ಕಡುಬೇಸಿಗೆಯಲ್ಲಿ, ಮೂಡಲಗಿ ಕಡೆಯ ರೈತರು ಕೂಡಿ ಹಾಕಿಸಿಕೊಂಡಿದ್ದ ಏತ ನೀರಾವರಿಯ ಡ್ರೈವು ನಿಂತುಹೋಯಿತು. ಅದನ್ನು ಕೂಡಿಸಿದವರು ಕೀಲಿಪಟ್ಟಿಗೆ ಗುಪ್ತಸಂಖ್ಯೆ ಹಾಕಿ ಹೋಗಿದ್ದರು; ಒಳಗಿನ ಹೊಂದಾಣಿಕೆಗಳ ಪ್ರತಿ ಅವರ ಲ್ಯಾಪ್‌ಟಾಪಿನಲ್ಲಿ ಮಾತ್ರವಿತ್ತು. ಅವರು ದೂರದ ಊರಿನಿಂದ ಬರುವವರೆಗೆ ಮೂರು ದಿನ. ಎಳೆಯ ಕಬ್ಬು ಆ ಮೂರು ದಿನ ಬಿಸಿಲಿಗೆ ಬಾಡಿ ಮಲಗಿತು. ಬಂದವರು ಮಾಡಿದ ಕೆಲಸ ಇಪ್ಪತ್ತು ನಿಮಿಷದ್ದು. ಹೋಗಿ-ಬರುವ ಖರ್ಚೂ ರೈತರ ತಲೆಗೇ ಬಿತ್ತು. ಅಂದು ನಮ್ಮ ಅಣ್ಣನ ಮಗ, "ಕಾಕಾ, ರೋಗ ನಮಗೂ ಗೊತ್ತಾಗತೈತಿ, ತೋರಿಸೋ ಕನ್ನಡಿ ಅಷ್ಟ ಅವರ ಹಂತ್ಯಾಕ ಐತಿ" ಎಂದನು. ಆ ಮಾತು ನಮ್ಮ ಮನಸ್ಸಿನಲ್ಲಿ ನಾಟಿತು.

ಕೊಳ್ಳುವ ಪ್ರಶ್ನೆ ಬಂದಾಗ ಮನೆಯಲ್ಲಿ ಒಮ್ಮತವಿರಲಿಲ್ಲ. ಅಣ್ಣನ ಮಗನ ಕಣ್ಣು, ಕೀಲಿಗಳಡಿ ಬಣ್ಣಬಣ್ಣದ ದೀಪ ಹೊಳೆಯುವ ಒಂದು ಆಟದ ಲ್ಯಾಪ್‌ಟಾಪಿನ ಮೇಲಿತ್ತು. ಬೆಳಗಾವಿಯ ಅಂಗಡಿಕಾರರೊಬ್ಬರು, ಧೂಳು-ನೀರು-ಪೆಟ್ಟು ಯಾವುದಕ್ಕೂ ಅಂಜದ, ಸೈನ್ಯದ ಮಾದರಿಯ ಗಟ್ಟಿ ಯಂತ್ರವನ್ನೇ ತೆಗೆದುಕೊಳ್ಳಿರೆಂದರು. ಅದರ ಬೆಲೆ ಲಕ್ಷದ ಮೇಲೆ. ಪಿಗ್ಮಿ ಕಟ್ಟಿ ಕೂಡಿಸಿದ ಹಣದ ಲೆಕ್ಕ ಇಟ್ಟವರು ನಮ್ಮ ಮನೆಯವರು. ಅವರು ಎಲ್ಲವನ್ನೂ ಕೇಳಿ, "ಅದು ಏನೇನ ಮಾಡತೈತಿ ಅನ್ನೂದ ಬಿಡ್ರಿ, ನಿಮ್ಮ ಕೆಲಸಕ್ಕ ಏನ ಬೇಕು, ಅದನ್ನ ಹೇಳ್ರಿ" ಎಂದರು. ಆಯ್ದಕ್ಕಿ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬನ್ನಿರೆಂದು ಕಳುಹಿಸಿದ ಲಕ್ಕಮ್ಮನವರ ಪ್ರಸಂಗವನ್ನು ಬಲ್ಲ ಸಮಾಜ ನಮ್ಮದು. ಆ ಸಂಜೆ ನಾವು ಒಂದು ಹಾಳೆ ತೆಗೆದುಕೊಂಡು, ಬೇಕಾದುದನ್ನಷ್ಟೇ ಬರೆಯಲು ಕುಳಿತೆವು.

ಹಾಳೆ ತುಂಬಲಿಲ್ಲವೆಂಬುದೇ ಆಶ್ಚರ್ಯ. ಡ್ರೈವು, ಪಿ.ಎಲ್.ಸಿ.ಗಳ ತಂತ್ರಾಂಶಗಳು ಬಹುಪಾಲು ವಿಂಡೋಸಿನಲ್ಲಿ ಮಾತ್ರ ನಡೆಯುತ್ತವೆ; ಆದ್ದರಿಂದ ಬೇರೆ ಜಾತಿಯ ಯಂತ್ರ ಎಷ್ಟೇ ಚೆಂದವಿದ್ದರೂ ನಮಗಲ್ಲ. ಅವು ಬಹಳ ಶಕ್ತಿಯನ್ನೇನೂ ಬೇಡುವುದಿಲ್ಲ. ನಕಾಶೆ ತೆಗೆಯುವ ಕೆಲಸವೂ ಸೇರಿದರೆ 16 ಜಿ.ಬಿ. ರ‍್ಯಾಮ್ ಸಾಕು. ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕು ಬೇಡವೇ ಬೇಡ; ಹೊಲದ ದಾರಿಯಲ್ಲಿ ಮೋಟರ್‌ಸೈಕಲ್ಲಿನ ಕುಲುಕಾಟವನ್ನು ಅದು ತಾಳದು, ಎಸ್.ಎಸ್.ಡಿ. ಇರಬೇಕು. ತೆಳುವಾದ ಹೊಸ ಲ್ಯಾಪ್‌ಟಾಪುಗಳಲ್ಲಿ ಕಾಣೆಯಾಗುತ್ತಿರುವ ಲ್ಯಾನ್ ಪೋರ್ಟು ನಮಗೆ ಬೇಕೇ ಬೇಕು, ಏಕೆಂದರೆ ಅನೇಕ ಪಿ.ಎಲ್.ಸಿ.ಗಳು ಆ ತಂತಿಯ ಮೂಲಕವೇ ಮಾತಾಡುತ್ತವೆ. ಇನ್ನು ಬ್ಯಾಟರಿ. ಪಂಪಿನ ಮನೆಗೆ ಮೂರು ಫೇಸಿನ ವಿದ್ಯುತ್ತು ಸರದಿಯ ಮೇಲೆ ಬರುತ್ತದೆ, ಹಲವು ಸಲ ರಾತ್ರಿಯೇ; ಅದು ಬರುವವರೆಗೆ ಕಾಯುವಾಗ ಲ್ಯಾಪ್‌ಟಾಪು ಮಲಗಿಬಿಟ್ಟರೆ ಹೋದ ಕೆಲಸವೇ ಕೆಟ್ಟಂತೆ.

ಇವೆಲ್ಲ ಕೂಡಿ ಬಂದದ್ದು, ದೊಡ್ಡ ಕಂಪನಿಗಳು ಬಳಸಿ ಬಿಟ್ಟ ವ್ಯಾಪಾರಿ ಮಾದರಿಯ ಲ್ಯಾಪ್‌ಟಾಪಿನಲ್ಲಿ. ನಮ್ಮದು ಥಿಂಕ್‌ಪ್ಯಾಡ್ ಟಿ480. ಅದರ ಒಂದು ಬ್ಯಾಟರಿ ಒಳಗಿದ್ದರೆ ಇನ್ನೊಂದನ್ನು ಹಿಂದಿನಿಂದ ಕಳಚಿ ಬದಲಿಸಬಹುದು, ಅದೂ ಯಂತ್ರ ನಡೆಯುತ್ತಿರುವಾಗಲೇ. ಹೊಸದರ ಅರ್ಧ ಬೆಲೆಗೂ ಕಡಿಮೆಗೆ ಸಿಕ್ಕಿತು. ಹಳೆಯದನ್ನು ಕೊಳ್ಳುವವರು ಮಾತ್ರ ಎರಡು ಸಂಗತಿಗಳನ್ನು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಉಚಿತ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರು ಬೇಕು. ಅಗ್ಗವೆಂದು ಏಳನೆಯ ಪೀಳಿಗೆಯದನ್ನು ತಂದವರು ಇಂದು ಪರದಾಡುತ್ತಿದ್ದಾರೆ. ಎರಡನೆಯದು ಬ್ಯಾಟರಿಯ ವರದಿ. ಹೊಸದರಲ್ಲಿ ಅದರ ಸಾಮರ್ಥ್ಯ ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಎಂಬುದನ್ನು ವಿಂಡೋಸೇ ಬರೆದು ತೋರಿಸುತ್ತದೆ. ತೋರಿಸಲು ಹಿಂದೆಗೆಯುವ ಅಂಗಡಿಯಿಂದ ಎದ್ದು ಬರುವುದೇ ಲೇಸು.

ಈ ಯಂತ್ರದಲ್ಲಿ ಕೊರತೆಯಿಲ್ಲವೆಂದಲ್ಲ. ಅದರ ಪರದೆಯ ಬೆಳಕು 250 ನಿಟ್ಸ್ ಮಾತ್ರ. ಬಯಲಿನಲ್ಲಿ ನಿಂತರೆ ಅಕ್ಷರ ಕಾಣಿಸದು. ಬಯಲಿಗೆ 400ಕ್ಕೂ ಮೇಲೆ ಬೇಕು. ಅಣ್ಣನ ಮಗನು ರಟ್ಟಿನ ಡಬ್ಬಿಯೊಂದನ್ನು ಕತ್ತರಿಸಿ, ಒಳಗೆ ಕಪ್ಪು ಬಣ್ಣ ಹೊಡೆದು, ಪರದೆಗೆ ಕೊಡೆಯಂತೆ ಕೂಡಿಸಿದ್ದಾನೆ. ನೋಡಲು ಜಾತ್ರೆಯ ಬಯೋಸ್ಕೋಪಿನಂತಿದೆ, ಹಳ್ಳಿಯ ಹುಡುಗರು ಇಣುಕಲು ಮುಗಿಬೀಳುತ್ತಾರೆ. ಆದರೆ ಕೆಲಸ ನಡೆಯುತ್ತದೆ.

ಬೆಲೆಗಿಂತ ಮಿಗಿಲಾದ ಮಾತು ಸುರಕ್ಷತೆಯದು. ಲ್ಯಾಪ್‌ಟಾಪನ್ನು ಚಾರ್ಜರಿಗೆ ಸಿಕ್ಕಿಸಿ, ಅದೇ ಹೊತ್ತಿಗೆ ಡ್ರೈವಿಗೂ ತಂತಿ ಜೋಡಿಸಿದರೆ, ಎರಡರ ಭೂಸಂಪರ್ಕದಲ್ಲಿ ವ್ಯತ್ಯಾಸವಿದ್ದಾಗ ಆ ತಂತಿಯ ಗುಂಟ ಕರೆಂಟು ಹರಿದು ಪೋರ್ಟು ಸುಟ್ಟುಹೋಗಬಹುದು. ನಮ್ಮ ಪಂಪಿನ ಮನೆಗಳ ಅರ್ಥಿಂಗು ಹೇಗಿರುತ್ತದೆಂಬುದನ್ನು ಬಲ್ಲವರೇ ಬಲ್ಲರು. ಆದುದರಿಂದ ಜೋಡಿಸುವಾಗ ಬ್ಯಾಟರಿಯ ಮೇಲೆಯೇ ನಡೆಸಬೇಕು. ನಡುವೆ ಪ್ರತ್ಯೇಕನವುಳ್ಳ ಯು.ಎಸ್.ಬಿ. ಪರಿವರ್ತಕವನ್ನು ಬಳಸಬೇಕು. ಸಾದಾ ಪರಿವರ್ತಕಕ್ಕಿಂತ ಅದರ ಬೆಲೆ ಹಲವು ಪಟ್ಟು, ಆದರೂ ಇಲ್ಲಿ ಉಳಿತಾಯ ಸಲ್ಲದು. ಮೇನ್ ತೆಗೆದ ಮೇಲೂ ಡ್ರೈವಿನೊಳಗಿನ ಕೆಪಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜು ಕೆಲವು ನಿಮಿಷ ಉಳಿದಿರುತ್ತದೆ. ಎಷ್ಟು ನಿಮಿಷ ಕಾಯಬೇಕೆಂಬುದು ಡ್ರೈವಿನ ಮೇಲೆಯೇ ಬರೆದಿರುತ್ತದೆ. ಪರದೆ ನೋಡುತ್ತ ಕುಳಿತ ಹುಡುಗನಿಗೆ ಕೈ ಎಲ್ಲಿದೆಯೆಂಬ ಎಚ್ಚರ ತಪ್ಪುತ್ತದೆ. ಮಗನಿಗೆ ಲ್ಯಾಪ್‌ಟಾಪು ಕೊಡಿಸುವ ತಾಯಂದಿರು ರಬ್ಬರಿನ ಕೈಗವಸು ಇದೆಯೇ ಎಂದು ಅದೇ ದಿನ ಕೇಳಲಿ.

ಖಂಡೆಪೂಜೆಯ ದಿನ ಲ್ಯಾಪ್‌ಟಾಪು ಪಕ್ಕಡ-ಟೆಸ್ಟರುಗಳ ಸಾಲಿನಲ್ಲಿ ಕೂಡುತ್ತದೆ. ವಿಭೂತಿಯನ್ನು ಮುಚ್ಚಳದ ಮೇಲೆ ಮಾತ್ರ ಹಚ್ಚಬೇಕು, ಕೀಲಿಗಳ ಸಂದಿಯಲ್ಲಿ ಉದುರಿಸಬಾರದೆಂದು ನಮ್ಮ ಮನೆಯವರೇ ನಿಯಮ ಮಾಡಿದ್ದಾರೆ.

ಈಗ ನಾವು ಯಾವ ಡ್ರೈವು ಕೂಡಿಸಿದರೂ, ಅದರ ಹೊಂದಾಣಿಕೆಗಳ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ರೈತರ ಕೈಗೆ ಕೊಡುತ್ತೇವೆ. ಮುಖ್ಯವಾದವುಗಳನ್ನು ಗುಪ್ತಸಂಖ್ಯೆಯ ಸಹಿತ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪ್ಲಾಸ್ಟಿಕ್ ಹೊದಿಸಿ ಪ್ಯಾನಲ್ಲಿನ ಬಾಗಿಲ ಒಳಗೆ ಅಂಟಿಸುತ್ತೇವೆ. ಹೀಗೆ ಮಾಡಿದರೆ ಕೆಲಸ ಕೈಬಿಟ್ಟು ಹೋಗುತ್ತದೆಂದು ವೃತ್ತಿಬಾಂಧವರು ಕೆಲವರು ಆಕ್ಷೇಪಿಸಿದ್ದುಂಟು. ಕಳೆದ ಬೇಸಿಗೆಯಲ್ಲಿ ಹುಕ್ಕೇರಿ ಕಡೆಯ ಒಂದು ಹಳ್ಳಿಯಲ್ಲಿ ನಾವು ಕೂಡಿಸಿದ್ದ ಡ್ರೈವು ನಿಂತಿತಂತೆ. ಅದೇ ಊರಿನ ಹುಡುಗನೊಬ್ಬನು ಬಾಗಿಲ ಹಾಳೆಯನ್ನು ನೋಡಿಕೊಂಡು ಒಂದು ತಾಸಿನಲ್ಲಿ ಅದನ್ನು ಮತ್ತೆ ಎಬ್ಬಿಸಿದನು. ನೀರು ಹರಿಯತೊಡಗಿದ ಮೇಲೆ ರೈತರು ನಮಗೆ ಫೋನು ಮಾಡಿ, ಬರುವ ಅಗತ್ಯವಿಲ್ಲವೆಂದು ತಿಳಿಸಿದರು.