ಮೇಜಿನ ಮೇಲಿನ ಅಟ್ಟ

ಊರಿನ ಹಳೆಯ ಮನೆಗಳಿಗೆಲ್ಲ ಒಂದು ಅಟ್ಟವಿರುತ್ತದೆ. ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಪಾತ್ರೆ, ಉಪ್ಪಿನಕಾಯಿ ಭರಣಿ, ಮಕ್ಕಳು ಬೆಳೆದ ಮೇಲೆ ಬಿಚ್ಚಿಟ್ಟ ತೊಟ್ಟಿಲು, ಯಾರದೋ ಮದುವೆಯ ಟ್ರಂಕು, ಗಾಜು ಒಡೆದ ಫೋಟೋ ಎಲ್ಲವೂ ಅಲ್ಲಿಗೆ ಹೋಗುತ್ತವೆ. ತಲಾ 23 ಕಿಲೋದ ಎರಡು ಸೂಟ್‌ಕೇಸ್ ಹಿಡಿದು ಅಮೆರಿಕಕ್ಕೆ ಬಂದ ನಮ್ಮಂಥವರು ತೊಟ್ಟಿಲನ್ನಾಗಲಿ ಟ್ರಂಕನ್ನಾಗಲಿ ತರಲಿಲ್ಲ. ಆಗ ತಂದದ್ದು, ಆಮೇಲೆ ಊರಿಗೆ ಹೋದಾಗಲೆಲ್ಲ ಹೊತ್ತು ತಂದದ್ದು ಬರೀ ಫೋಟೋ, ಕಾಗದ, ದನಿ.

ಅವೂ ಒಂದು ಕಡೆ ಇರುವುದಿಲ್ಲ. ಓಹೈಯೋದ ನಮ್ಮ ಮನೆಯಲ್ಲಿ ಮಗಳ ನಾಮಕರಣ ಒಂದು ಸಿಡಿಯಲ್ಲಿತ್ತು. ನಮ್ಮ ಮದುವೆ, ಕ್ಯಾಸೆಟ್ಟಿನಿಂದ ಇಳಿಸಿದ 11 ಗಿಗಾಬೈಟ್‌ನ ಒಂದೇ ಕಡತವಾಗಿ, ಕೀಲು ಸಡಿಲವಾದ ಹಳೆಯ ಲ್ಯಾಪ್‌ಟಾಪಿನಲ್ಲಿತ್ತು. ಅಪ್ಪ ನಿವೃತ್ತರಾದ ಮೇಲೆ ಕಂಪ್ಯೂಟರ್ ಕಲಿತು ಬರೆದ ಊರಿನ ನೆನಪುಗಳು ಒಂದು ಪೆನ್‌ಡ್ರೈವಿನಲ್ಲಿದ್ದವು. ಶಿವಮೊಗ್ಗದ ಮನೆಯ ಆಲ್ಬಮ್ಮುಗಳಿಂದ ನಾನು ಸ್ಕ್ಯಾನ್ ಮಾಡಿ ತಂದ ಮುನ್ನೂರು ಫೋಟೋಗಳು ಇನ್ನೊಂದು ಕಡೆ. ಕ್ಲೌಡಿನಲ್ಲಿ ಇಡಬಹುದಲ್ಲ ಎಂದು ಮಗಳು ಅಂದಳು. ಇಡಬಹುದು. ಆದರೆ ಅದು ತಿಂಗಳ ಬಾಡಿಗೆಯ ಕೋಣೆ. ನನಗೆ ಸ್ವಂತದ್ದೊಂದು ಅಟ್ಟ ಬೇಕಿತ್ತು.

ಹೀಗೆ ನಮ್ಮ ಮನೆಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡ್ರೈವ್ ಬಂತು. ಪಂಚಾಂಗಕ್ಕಿಂತ ಚಿಕ್ಕದು. ಡಬ್ಬದ ಮೇಲೆ 5 ಟೆರಾಬೈಟ್ ಎಂದಿತ್ತು. ಕಂಪ್ಯೂಟರಿಗೆ ಸಿಕ್ಕಿಸಿದರೆ ವಿಂಡೋಸ್ 4.54 ಎಂದು ತೋರಿಸಿತು. ನಮ್ಮವರಿಗೆ ಅನುಮಾನ. "ಅರ್ಧ ಟೆರಾಬೈಟ್ ಹೊಡೆದುಬಿಟ್ಟರಲ್ಲೇ, ವಾಪಸ್ ಕೊಟ್ಟುಬಿಡು" ಎಂದರು. "ಮೋಸ ಏನಿಲ್ಲ ರೀ, ಅಳತೆ ಬೇರೆ" ಎಂದೆ. ತಯಾರಿಸುವವರು ಟೆರಾಬೈಟ್ ಎಂದರೆ ಒಂದು ಲಕ್ಷ ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅದರ ಒಂದು ಟೆರಾಬೈಟ್ 1,09,951 ಕೋಟಿ ಬೈಟಿಗೂ ಸ್ವಲ್ಪ ಹೆಚ್ಚು. ಹಿಂದೆ ನಮ್ಮಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡಿದ್ದವಲ್ಲ, ಹಾಗೆ. ಅಕ್ಕಿ ಅಷ್ಟೇ, ಅಳೆದ ಸೇರು ಬೇರೆ.

ಮುಂದಿನದು ಫಾರ್ಮ್ಯಾಟ್. ಬಾಡಿಗೆ ಮನೆಗೆ ಹೋಗುವ ಮೊದಲು ಗುಡಿಸಿ ಒರೆಸುವಂಥ ಕೆಲಸ; ಒಳಗೆ ಏನಿದ್ದರೂ ಹೋಗುತ್ತದೆ, ಆದ್ದರಿಂದ ಖಾಲಿ ಇರುವಾಗಲೇ ಮಾಡಬೇಕು. ಡ್ರೈವ್ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಬಂದಿತ್ತು. ಅದು ವಿಂಡೋಸಿಗೆ ಒಗ್ಗಿದ್ದು. ಮಗಳ ಮ್ಯಾಕ್ ಅದನ್ನು ಓದುತ್ತದೆ, ಆದರೆ ಬೇರೆ ತಂತ್ರಾಂಶ ಹಾಕದೆ ಅದರ ಮೇಲೆ ಬರೆಯಲಾರದು. ಹಳೆಯ ಫ್ಯಾಟ್32 ಎಲ್ಲ ಕಡೆ ನಡೆಯುತ್ತದೆ, ಆದರೆ 4 ಗಿಗಾಬೈಟ್ ಮುಟ್ಟಿದ ಕಡತವನ್ನು ಒಳಗೆ ಬಿಡುವುದಿಲ್ಲ. ನಮ್ಮ ಮದುವೆ ಬಾಗಿಲಲ್ಲೇ ನಿಲ್ಲಬೇಕಾಗುತ್ತಿತ್ತು. ಎಕ್ಸ್‌ಫ್ಯಾಟ್ ಆರಿಸಿದೆ. ಅಮ್ಮ ಮಗಳು ಇಬ್ಬರ ಯಂತ್ರಗಳೂ ಅದನ್ನು ಓದುತ್ತವೆ, ಬರೆಯುತ್ತವೆ. ಅದಕ್ಕೊಂದು ಮಡಿ ಇದೆ: ಕೆಲಸ ಮುಗಿದ ಮೇಲೆ ಹೇಳಿಯೇ ಹೊರಡಬೇಕು. ಎನ್‌ಟಿಎಫ್‌ಎಸ್ ತಾನು ಮಾಡುತ್ತಿರುವ ಬದಲಾವಣೆಗಳ ದಿನಚರಿ ಇಟ್ಟುಕೊಳ್ಳುತ್ತದೆ, ನಡುವೆ ಕರೆಂಟು ಹೋದರೆ ಅದನ್ನು ನೋಡಿ ಸರಿಮಾಡಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್‌ಗೆ ಆ ದಿನಚರಿ ಇಲ್ಲ. 'ಸೇಫ್ಲಿ ರಿಮೂವ್' ಒತ್ತದೆ ವೈರು ಕೀಳಬಾರದು ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟೆ.

ಫಾರ್ಮ್ಯಾಟ್ ಮಾಡುವಾಗ ಡ್ರೈವಿಗೆ ಹೆಸರು ಕೇಳುತ್ತದೆ. 'ಅಟ್ಟ' ಎಂದು ಕನ್ನಡದಲ್ಲೇ ಟೈಪ್ ಮಾಡಿದೆ. ಹನ್ನೊಂದು ಅಕ್ಷರದ ಮಿತಿ. ಯೂನಿಕೋಡಿನ ಲೆಕ್ಕದಲ್ಲಿ 'ಅಟ್ಟ' ನಾಲ್ಕು: ಅ, ಟ, ಒತ್ತು ತರುವ ಹಲಂತ, ಮತ್ತೊಂದು ಟ. ಸರಾಗವಾಗಿ ಹಿಡಿಸಿತು.

ಕನ್ನಡದಲ್ಲಿ ಹೆಸರಿಡುವುದು ಈಗ ಇಷ್ಟು ಸುಲಭ, ಅಪ್ಪನ ಕಾಲದಲ್ಲಿ ಹಾಗಿರಲಿಲ್ಲ. ಅವರು ಬರೆದದ್ದು ನುಡಿಯ ಹಳೆಯ ಫಾಂಟಿನಲ್ಲಿ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದರು. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳು ತಲೆಯ ಮೇಲೆ ಟೋಪಿ, ಕೊಂಬು ಇಟ್ಟುಕೊಂಡು ಸಾಲಾಗಿ ನಿಂತಿರುತ್ತವೆ. ಕಡತ ಕೆಟ್ಟಿಲ್ಲ, ಬೈಟೆಲ್ಲ ನೆಟ್ಟಗಿದೆ, ಆದರೂ ಅಪ್ಪನ ಒಂದು ಮಾತೂ ತಿಳಿಯುವುದಿಲ್ಲ. ಪರಿವರ್ತಕದಿಂದ ಅವನ್ನು ಯೂನಿಕೋಡಿಗೆ ತಂದೆ. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು, ಕೈಯಿಂದ ತಿದ್ದಿದೆ. ತಿದ್ದುತ್ತಾ ಪೂರ್ತಿ ಓದಿದ್ದೂ ಆಯಿತು. ಅದಕ್ಕೆ ಮೂರು ವಾರಾಂತ್ಯ ಹಿಡಿಯಿತು.

ಕಾಪಿ ಮಾಡುವ ಕೆಲಸ ಅದಕ್ಕಿಂತ ಸುಲಭ. ನೀಲಿ ಬಣ್ಣದ ಯುಎಸ್‌ಬಿ ಕಿಂಡಿಗೆ ಹಾಕಿ ರಾತ್ರಿ ಮಲಗಿದರೆ ಆಯಿತು. ದೊಡ್ಡ ವಿಡಿಯೋ ಬೇಗ ಹೋಗುತ್ತದೆ. ಸಾವಿರಾರು ಚಿಕ್ಕ ಫೋಟೋಗಳೇ ತಡ. ಬಸ್ಸಿಗೆ ಒಂದು ಮೂಟೆ ಹತ್ತಿಸುವುದಕ್ಕೂ ನೂರು ಮಕ್ಕಳನ್ನು ಹತ್ತಿಸುವುದಕ್ಕೂ ಇರುವ ವ್ಯತ್ಯಾಸ.

ಬೆಳಗ್ಗೆ ಎದ್ದು ನೋಡಿದರೆ ಎಲ್ಲವೂ ಅಟ್ಟ ಸೇರಿತ್ತು. ಆದರೆ ಸ್ಕ್ಯಾನ್ ಮಾಡಿದ ಮುನ್ನೂರು ಫೋಟೋಗಳಿಗೂ ಹೆಸರೆಂದರೆ ಬರೀ ನಂಬರು. ದಿನಾಂಕದ ಕಥೆ ಇನ್ನೂ ವಿಚಿತ್ರ. ಫೋನಿನಲ್ಲಿ ತೆಗೆದ ಫೋಟೋ ತೆಗೆದ ದಿನವನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ಕಾಗದದ ಫೋಟೋಗೆ ಸ್ಕ್ಯಾನರ್ ಕೊಟ್ಟ ದಿನವೇ ಜನ್ಮದಿನ. ಆದ್ದರಿಂದ ನಮ್ಮ ಕಂಪ್ಯೂಟರಿನ ಪ್ರಕಾರ ನನ್ನ ಅಜ್ಜಿ, ಆಕೆಯ ಒಡಹುಟ್ಟಿದವರು, ಚಕ್ಕಡಿಯ ಮುಂದೆ ನಿಂತ ಆ ಹದಿನಾಲ್ಕು ಜನ, ಎಲ್ಲರೂ 2011ರವರು. ಅವರಲ್ಲಿ ನನಗೆ ಗುರುತು ಸಿಕ್ಕಿದ್ದು ಐವರದ್ದು. ಮಗಳಿಗೆ ಒಬ್ಬರದ್ದೂ ಸಿಗಲಿಲ್ಲ. ಅಪ್ಪನ ಹಳೆಯ ಫಾಂಟಿನ ಹಾಗೆಯೇ ಇದು: ಚಿತ್ರ ನೆಟ್ಟಗಿದೆ, ಓದಲು ಬರುವುದಿಲ್ಲ. ಇದಕ್ಕೆ ಪರಿವರ್ತಕ ಇರುವುದು ಶಿವಮೊಗ್ಗದಲ್ಲಿ, ಅದಕ್ಕೆ 83 ವರ್ಷ.

ಈಗ ಪ್ರತಿ ಭಾನುವಾರ ನಮ್ಮ ಬೆಳಗ್ಗೆ ಒಂಬತ್ತಕ್ಕೆ, ಅಲ್ಲಿ ಸಂಜೆ ಆರೂವರೆಗೆ, ಅಮ್ಮ ಕಾಫಿ ಕುಡಿದು ವಿಡಿಯೋ ಕಾಲಿಗೆ ಕೂರುತ್ತಾಳೆ. ತಮ್ಮ ಆ ಕಡೆ ಟ್ಯಾಬ್ ಹಿಡಿದಿರುತ್ತಾನೆ. ನಾನು ಇಲ್ಲಿಂದ ಒಂದೊಂದೇ ಫೋಟೋ ತೋರಿಸುತ್ತೇನೆ. ಅಮ್ಮ ಹೆಸರಷ್ಟೇ ಹೇಳಿ ನಿಲ್ಲಿಸುವವಳಲ್ಲ. "ಇವಳು ನಿಮ್ಮ ಅಪ್ಪನ ಅತ್ತೆ. ಸಾಲ ಮಾಡಿ ಮಗನ್ನ ಮೈಸೂರಿಗೆ ಓದಕ್ಕೆ ಕಳಿಸಿದ್ಲು. ಆ ಬಳೆ ನೋಡು, ಆಮೇಲೆ ಯಾವ ಫೋಟೋದಲ್ಲೂ ಇಲ್ಲ." ಬಾವಿಕಟ್ಟೆಯ ಫೋಟೋ ಒಂದಿತ್ತು. ಹಿಂದೆ, ಅಂಚಿನಲ್ಲಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡ ಒಬ್ಬ ಹೆಂಗಸು. ಫೋಟೋ ತೆಗೆದದ್ದು ಆಕೆಯನ್ನಲ್ಲ, ಮುಂದಿದ್ದವರನ್ನು. ನಾನು ಮುಂದಿನದಕ್ಕೆ ಹೋಗುವುದರಲ್ಲಿದ್ದೆ. "ತಡಿಯೇ, ಇವಳನ್ನ ಬಿಡ್ತೀಯಲ್ಲ, ನೀನು ಹುಟ್ಟಿದಾಗ ನಿನ್ನನ್ನ ಮೊದಲು ಎತ್ತಿಕೊಂಡವಳೇ ಇವಳು" ಎಂದಳು ಅಮ್ಮ. ಸೂಲಗಿತ್ತಿ. ಆಕೆಯ ಹೆಸರನ್ನು ಹೇಳಿದಳು. ಐವತ್ತೆರಡು ವರ್ಷದಲ್ಲಿ ನಾನು ಆ ಹೆಸರು ಕೇಳಿದ್ದು ಅದೇ ಮೊದಲು. ನಂಬರು ಅಳಿಸಿ ಆ ಹೆಸರು ಟೈಪ್ ಮಾಡಿದೆ.

ಅಮ್ಮನ ಮಾತನ್ನು ರೆಕಾರ್ಡ್ ಮಾಡೋಣ ಎಂದದ್ದು ಮಗಳು. ಅವಳ ಕನ್ನಡ ಓದು ಕೂಡಿಸಿ ಕೂಡಿಸಿ ಓದುವಷ್ಟು, ಆದರೆ ಕಿವಿ ಚೆನ್ನಾಗಿದೆ. ಈಗ ಪ್ರತಿ ಫೋಟೋದ ಪಕ್ಕ ಅದೇ ಹೆಸರಿನ ಒಂದು ಧ್ವನಿ ಕಡತವಿದೆ. ನಿಮಿಷಕ್ಕೆ ಒಂದು ಮೆಗಾಬೈಟ್ ಸಾಕು. 5 ಟೆರಾಬೈಟಿನ ಡ್ರೈವಿಗೆ ಅಮ್ಮ ಆಯುಷ್ಯವಿಡೀ ಮಾತಾಡಿದರೂ ಭಾರವಾಗಲಾರಳು.

ಹಾರ್ಡ್ ಡ್ರೈವೂ ಚಿರಂಜೀವಿಯಲ್ಲ. ಒಳಗೆ ತಿರುಗುವ ತಟ್ಟೆ, ಅದರ ಮೇಲೆ ಕೂದಲಿಗಿಂತ ತೀರ ಕಡಿಮೆ ಅಂತರದಲ್ಲಿ ತೇಲುವ ಮುಳ್ಳು. ಒಮ್ಮೆ ಕೆಳಗೆ ಬಿದ್ದರೆ ಸಾಕು. ಅದಕ್ಕೇ ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ ಎನ್ನುತ್ತಾರೆ ತಿಳಿದವರು. ತಾಳೆಗರಿಯ ಕಾವ್ಯಗಳು ನಮ್ಮವರೆಗೆ ಬಂದದ್ದೂ ಗರಿ ಗಟ್ಟಿಯಿದ್ದದ್ದರಿಂದ ಮಾತ್ರವಲ್ಲ, ಹಳೆಯದು ಹುಳು ಹಿಡಿಯುವ ಮೊದಲು ಯಾರೋ ಕೂತು ಹೊಸದಕ್ಕೆ ಇಳಿಸಿದ್ದರಿಂದ. ಒಂದು ಪ್ರತಿ ನನ್ನ ಕಂಪ್ಯೂಟರಿನ ಒಳಗಿನ ಎಸ್‌ಎಸ್‌ಡಿಯಲ್ಲಿದೆ, ಒಂದು ಮೇಜಿನ ಮೇಲಿನ ಅಟ್ಟದಲ್ಲಿ. ಮೂರನೆಯದನ್ನು ಕಳೆದ ಡಿಸೆಂಬರಿನಲ್ಲಿ ಸಾಕ್ಸಿನಲ್ಲಿ ಸುತ್ತಿ, ಕೈಚೀಲದಲ್ಲಿಟ್ಟುಕೊಂಡು ಶಿವಮೊಗ್ಗಕ್ಕೆ ಒಯ್ದು ತಮ್ಮನ ಬೀರುವಿನಲ್ಲಿಟ್ಟೆ. ಅಲ್ಲಿಂದ ಬಂದವರು ಒಂದು ಸುತ್ತು ಹಾಕಿ ವಾಪಸ್ ಊರು ಸೇರಿದರು.

ಮುನ್ನೂರರಲ್ಲಿ 212ಕ್ಕೆ ಹೆಸರಾಗಿದೆ. ಈಚೆಗೆ ಅಮ್ಮ ಒಂದೇ ಮುಖಕ್ಕೆ ಈ ವಾರ ಒಂದು, ಮುಂದಿನ ವಾರ ಇನ್ನೊಂದು ಹೆಸರು ಹೇಳುತ್ತಾಳೆ. ನಾನು ವಾದಿಸುವುದಿಲ್ಲ, ಎರಡನ್ನೂ ಬರೆದುಕೊಳ್ಳುತ್ತೇನೆ. ಹೊಸ ಡ್ರೈವ್ ಯಾವುದು ತಗೊಳ್ಳಲಿ, ಹೇಗೆ ಫಾರ್ಮ್ಯಾಟ್ ಮಾಡಲಿ ಎಂದು ಸ್ನೇಹಿತರು ಕೇಳಿದರೆ ಗೊತ್ತಿದ್ದಷ್ಟು ಹೇಳುತ್ತೇನೆ. ಜೊತೆಗೆ, ಮನೆಯಲ್ಲಿ ಹಿರಿಯರಿದ್ದರೆ ಮೊದಲು ಅವರಿಗೆ ಫೋನ್ ಮಾಡಿ ಎನ್ನುತ್ತೇನೆ. ಡ್ರೈವ್ ಬರುವ ತಿಂಗಳೂ ಅಂಗಡಿಯಲ್ಲಿರುತ್ತದೆ.